ಇಳಿಜಾರು ಮೈದಾನದ ಹಳೇ ಜಿದ್ದು

ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಲೋಟಕ್ಕೂ ಫುಟ್‌ಬಾಲ್ ಆಟಕ್ಕೂ ಏನು ನಂಟು? ಊರಿನ ನಂಟು. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಊರಿನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞ ಉಕ್ಕಿಗೆ ಕ್ರೋಮಿಯಂ ಬೆರೆಸಿ, ಸುಲಭಕ್ಕೆ ತುಕ್ಕು ಹಿಡಿಯದ ಲೋಹವನ್ನು ತಯಾರಿಸಿದ. ಅದಕ್ಕೆ ಅರ್ಧ ಶತಮಾನ ಮೊದಲೇ ಆ ಊರು ಇನ್ನೊಂದು ಸರಕನ್ನು ತಯಾರಿಸಿ ಜಗತ್ತಿಗೆ ಕೊಟ್ಟಿತ್ತು. ಈಗಲೂ ಉಳಿದಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲೆಲ್ಲ ಅತ್ಯಂತ ಹಳೆಯದು ಅಲ್ಲಿಯದು. ಅದರ ಎದುರಿಗೆ ಹುಟ್ಟಿಕೊಂಡ ಕ್ಲಬ್ಬೂ ಅಲ್ಲಿಯದೇ. ಎರಡರ ನಡುವಿನ ಜಿದ್ದಿಗೆ ಈಗ 160 ದಾಟಿದ ವಯಸ್ಸು. ಲೋಟ ಮನೆಮನೆಗೆ ಬಂತು, ಆಟ ಓಣಿ ಓಣಿಗೆ ಬಂತು. ಆ ಎರಡು ಕ್ಲಬ್ಬುಗಳ ಹೆಸರು ಮಾತ್ರ ತಮ್ಮ ಊರಿನ ಗುಡ್ಡ ಇಳಿದು ಹೆಚ್ಚು ದೂರ ಬರಲಿಲ್ಲ.

ಬರುವುದಾದರೂ ಹೇಗೆ? ಇಂಗ್ಲಿಷ್ ಫುಟ್‌ಬಾಲ್ ಎಂದರೆ ನಮ್ಮ ಟೀವಿ ಪರದೆಗೆ ಗೊತ್ತಿರುವುದು ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ಮುಂತಾದ ಹತ್ತಾರು ಹೆಸರುಗಳು. ಅಲ್ಲಿನ ವ್ಯವಸ್ಥೆ ಒಂದು ಗೋಪುರದ ಹಾಗೆ. ಮೇಲಿನ ನಾಲ್ಕು ಅಂತಸ್ತುಗಳಲ್ಲಿ ಒಟ್ಟು 92 ಕ್ಲಬ್ಬುಗಳು. ಅವುಗಳ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ಸಾವಿರಾರು ಪುಟ್ಟ ಕ್ಲಬ್ಬುಗಳಿವೆ. ಈ ಕೆಳಗಿನ ಲೋಕಕ್ಕೆ 'ನಾನ್‌ಲೀಗ್' ಎಂದು ಹೆಸರು. ಲೀಗ್ ಇಲ್ಲದ್ದು ಎಂದು ಇದರ ಅರ್ಥವಲ್ಲ, ಅಲ್ಲಿ ಬೇಕಾದಷ್ಟು ಲೀಗುಗಳಿವೆ. ಮೇಲಿನ 92ರ ಪಂಕ್ತಿಗೆ ಸೇರದವರು ಎಂದಷ್ಟೇ. ಆದರೆ ಏಣಿ ಕೆಳಗಿನವರೆಗೂ ಇದೆ. ಗೆದ್ದವರು ಒಂದು ಮೆಟ್ಟಿಲು ಹತ್ತಬೇಕು, ಸೋತವರು ಇಳಿಯಬೇಕು. ಕೆಳಮೆಟ್ಟಿಲಿನ ಆಟಗಾರ ವಾರವಿಡೀ ಬೇರೆ ನೌಕರಿ ಮಾಡುತ್ತಾನೆ. ಸಂಜೆ ಅಭ್ಯಾಸ, ಶನಿವಾರ ಆಟ. ಶೆಫೀಲ್ಡ್ ಎಫ್.ಸಿ. ಮತ್ತು ಹ್ಯಾಲಂ ಎಫ್.ಸಿ. ಎಂಬ ನಮ್ಮ ಕಥಾನಾಯಕರು ಈಚಿನ ವರ್ಷಗಳಲ್ಲಿ ಎಂಟು, ಒಂಬತ್ತನೆಯ ಮೆಟ್ಟಿಲಿನ ಆಸುಪಾಸಿನಲ್ಲಿದ್ದಾರೆ.

ಅಕ್ಕಪಕ್ಕದ ಊರಿನ, ಇಲ್ಲವೇ ಒಂದೇ ಊರಿನ ಎರಡು ತಂಡಗಳ ಪಂದ್ಯಕ್ಕೆ ಅವರು 'ಡರ್ಬಿ' ಎನ್ನುತ್ತಾರೆ. ಬೆಂಗಳೂರಿನವರಿಗೆ ಡರ್ಬಿ ಎಂದರೆ ಕುದುರೆ ರೇಸು ನೆನಪಾದೀತು. ಇಲ್ಲಿ ಕುದುರೆ ಇಲ್ಲ, ಬಾಜಿ ಮಾತ್ರ ಇದೆ, ಅದೂ ಮಾನದ ಬಾಜಿ. ಎರಡು ಹಳ್ಳಿಗಳ ನಡುವಿನ ಕಬಡ್ಡಿ ಪಂದ್ಯ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ದೂರದವರ ಎದುರು ಸೋತರೆ ಒಂದು ದಿನದ ಬೇಸರ. ನಾಳೆ ಸಂತೆಯಲ್ಲಿ ಎದುರಾಗುವವನ ಮುಂದೆ ಸೋತರೆ ವರ್ಷದ ಸಂಕಟ.

ಶೆಫೀಲ್ಡ್ ಗುಡ್ಡಗಳ ನಗರ. ಪಶ್ಚಿಮಕ್ಕೆ ಹೊರಟ ಬಸ್ಸು ಏರುತ್ತಲೇ ಹೋಗಿ ಕ್ರಾಸ್‌ಪೂಲ್ ಎಂಬ ಬಡಾವಣೆ ಮುಟ್ಟುತ್ತದೆ. ಸಾಲು ಮನೆಗಳ ನಡುವೆ, ಗೊತ್ತಿಲ್ಲದವನು ದಾಟಿಯೇ ಹೋಗಬಹುದಾದಷ್ಟು ಸಾದಾ ಗೇಟಿನ ಹಿಂದೆ, ಸ್ಯಾಂಡಿಗೇಟ್ ಮೈದಾನವಿದೆ. ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನ ಎಂದು ಗಿನ್ನೆಸ್ ದಾಖಲೆ ಪುಸ್ತಕ ಒಪ್ಪಿಕೊಂಡಿರುವುದು ಇದನ್ನೇ. 1804ರಿಂದ ಇಲ್ಲಿ ಕ್ರಿಕೆಟ್ ಆಡುತ್ತಿದ್ದರು, 1860ರಿಂದ ಫುಟ್‌ಬಾಲ್. ಇದು ಹ್ಯಾಲಂ ಕ್ಲಬ್ಬಿನ ಮನೆ.

ಮಧ್ಯಾಹ್ನ ಮೂರಕ್ಕೆ ಆಟ ಶುರು ಎಂದರೆ ಜನ ಒಂದೂವರೆಯಿಂದಲೇ ಬರತೊಡಗುತ್ತಾರೆ. ತಿರುಗು ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋದರೆ ಲಾಟರಿ ಚೀಟಿ ಮಾರುವವರು ಎದುರಾಗುತ್ತಾರೆ. ಇವರಿಗೆ ಸಂಬಳವಿಲ್ಲ. ಚಹಾ ಕುದಿಸುವವರಿಗೂ ಇಲ್ಲ, ಗೆರೆ ಎಳೆಯುವವರಿಗೂ ಇಲ್ಲ. ಕೆಲವು ನೂರು ಜನ ಸೇರಿದರೆ ಒಳ್ಳೆಯ ದಿನ. ಡರ್ಬಿ ದಿನ ಲೆಕ್ಕ ಸಾವಿರದತ್ತ ಹೋಗುತ್ತದೆ. ಬಿಸಿ ಪೈ ತಟ್ಟೆಯ ಮೇಲೆ ಆ ಊರಿನದೇ ಹೆಂಡರ್ಸನ್ಸ್ ರೆಲಿಷ್ ಎಂಬ ಕಪ್ಪು ಗೊಜ್ಜನ್ನು ಸುರಿದುಕೊಂಡು ನಿಂತವರಲ್ಲಿ ನೀಲಿ-ಬಿಳಿ ಮಫ್ಲರಿನವರು ಹ್ಯಾಲಂ ಕಡೆ, ಕೆಂಪು-ಕಪ್ಪಿನವರು ಶೆಫೀಲ್ಡ್ ಕಡೆ. ಅವರ ನಡುವೆ ಬೇಲಿಯಿಲ್ಲ, ಪೊಲೀಸರ ಸಾಲಿಲ್ಲ. ದೊಡ್ಡ ಕ್ಲಬ್ಬುಗಳಲ್ಲಿ ಪ್ರೇಕ್ಷಕ ಆಟ ನೋಡುತ್ತ ಬಿಯರ್ ಕುಡಿಯುವುದನ್ನು 1985ರ ಕಾನೂನು ನಿಷೇಧಿಸಿದೆ. ಈ ಕೆಳಮೆಟ್ಟಿಲಿಗೆ ಆ ನಿಷೇಧವೂ ಇಲ್ಲ. ಲೋಟ ಹಿಡಿದೇ ಎದುರು ಪಕ್ಷದವನನ್ನು ಛೇಡಿಸಬಹುದು.

ಹೊಸಬನ ಕಣ್ಣಿಗೆ ಮೊದಲು ಬೀಳುವುದು ಮೈದಾನದ ಇಳಿಜಾರು. ಸ್ಯಾಂಡಿಗೇಟ್ ಸಮತಟ್ಟಾಗಿಲ್ಲ, ಎದ್ದು ಕಾಣುವಷ್ಟು ವಾಲಿದೆ. ಇದರ ಪರಿಣಾಮ ಎಷ್ಟಿದ್ದೀತೆಂದು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಅಂದಾಜು ಮಾಡಬಹುದು. ಲೆಕ್ಕಕ್ಕೆಂದು, 40 ಅಡಿಗೆ ಒಂದು ಅಡಿ ಇಳಿಜಾರು ಎಂದಿಟ್ಟುಕೊಳ್ಳಿ. ಆಗ ಗುರುತ್ವದ ನಲವತ್ತನೆಯ ಒಂದು ಪಾಲು ಚೆಂಡನ್ನು ಕೆಳಕ್ಕೆ ಎಳೆಯುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ ಅದರ ವೇಗ ಸೆಕೆಂಡಿಗೆ 25 ಸೆಂಟಿಮೀಟರಿನಷ್ಟು ಬದಲಾಗುತ್ತದೆ. ಇದು ಅಲ್ಪವೇ. ಹುಲ್ಲಿನ ತಡೆ ಇದಕ್ಕಿಂತ ಹೆಚ್ಚಾದ್ದರಿಂದ ಸುಮ್ಮನೆ ಇಟ್ಟ ಚೆಂಡು ತಾನಾಗಿ ಉರುಳಿ ಹೋಗುವುದಿಲ್ಲ. ಆದರೆ ಆ ತಡೆ 75 ಎಂದಿಟ್ಟುಕೊಂಡರೆ, ಕೆಳಮುಖವಾಗಿ ಉರುಳುವ ಚೆಂಡಿಗೆ ಉಳಿಯುವ ತಡೆ 50, ಮೇಲ್ಮುಖದ ಚೆಂಡಿಗೆ 100. ಒಂದೇ ಬಲದ ಒದೆತಕ್ಕೆ ಚೆಂಡು ಮೇಲಕ್ಕೆ ಹೋಗುವ ದೂರದ ಎರಡರಷ್ಟು ದೂರ ಕೆಳಕ್ಕೆ ಹೋಗುತ್ತದೆ! ಅಳತೆ ಕೊಟ್ಟು ಪಾಸ್ ಮಾಡುವುದನ್ನು ಕಲಿತ ಹೊರಗಿನ ಆಟಗಾರನ ಚೆಂಡು ಇಲ್ಲಿ ಗೆರೆ ದಾಟಿ ಓಡುತ್ತದೆ. ಮನೆಯವನಿಗೆ ಮಾತ್ರ ಇಳಿಜಾರು ಕಾಲಿನಲ್ಲಿಯೇ ಕೂತಿರುತ್ತದೆ.

ಅರ್ಧ ಆಟಕ್ಕೆ ತಂಡಗಳು ಬದಿ ಬದಲಿಸುವುದು ಎಲ್ಲೆಡೆ ಇರುವ ನಿಯಮ. ನಾನ್‌ಲೀಗಿನ ಪ್ರೇಕ್ಷಕರೂ ಬದಿ ಬದಲಿಸುತ್ತಾರೆ. ತಮ್ಮ ತಂಡ ಯಾವ ಗೋಲಿನತ್ತ ದಾಳಿ ಮಾಡುತ್ತದೋ ಅದರ ಹಿಂದೆ ನಿಲ್ಲುವುದು ಅವರ ಪದ್ಧತಿ. ಹಾಗಾಗಿ ವಿರಾಮದಲ್ಲಿ ಎರಡೂ ಪಕ್ಷದ ಬೆಂಬಲಿಗರು ಮೈದಾನದ ಅಂಚಿನಲ್ಲಿ ಎದುರುಬದುರಾಗಿ ನಡೆದು ಹೋಗುತ್ತಾರೆ. ಮೆರವಣಿಗೆಗಳೆರಡು ಬೀದಿಯಲ್ಲಿ ಎದುರಾದ ಹಾಗೆ. ಅಲ್ಲಿ ನಡೆಯುವ ಮಾತುಕತೆಯೇ ಒಂದು ಪ್ರತ್ಯೇಕ ಪಂದ್ಯ.

ಈ ಜಿದ್ದಿನ ಬೇರು ಎಲ್ಲಿದೆ? ಒಂದು ಗಾಜಿನಮನೆಯಲ್ಲಿ. ಶೆಫೀಲ್ಡಿನ ನಥಾನಿಯಲ್ ಕ್ರೆಸ್‌ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬ ಇಬ್ಬರು ಕ್ರಿಕೆಟಿಗರು 1857ರ ಅಕ್ಟೋಬರ್ 24ರಂದು ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಅದಕ್ಕೆ ಕಚೇರಿಯಾಗಿ ಸಿಕ್ಕಿದ್ದು ಗಿಡ ಬೆಳೆಸುವ ಒಂದು ಗಾಜಿನಮನೆ, ಆಡಲು ಸಿಕ್ಕಿದ್ದು ಅದರ ಪಕ್ಕದ ಹೊಲ. ಮರುವರ್ಷ ನಿಯಮಗಳನ್ನು ಬರೆದರು. ಕ್ಲಬ್ಬು ಸಿದ್ಧ, ಚೆಂಡು ಸಿದ್ಧ, ಕಾನೂನು ಸಿದ್ಧ. ಎದುರಾಳಿ ಮಾತ್ರ ಇಲ್ಲ! ಸರಿ, ತಮ್ಮತಮ್ಮಲ್ಲೇ ಪಾಲು ಹಂಚಿಕೊಂಡು ಆಡಿದರು. ಮದುವೆಯಾದವರ ತಂಡ ಒಂದು ಕಡೆ, ಬ್ರಹ್ಮಚಾರಿಗಳ ತಂಡ ಇನ್ನೊಂದು ಕಡೆ. ಮೂರು ವರ್ಷ ಹೀಗೆ ನಡೆಯಿತು. ತನ್ನ ನೆರಳಿನ ಜೊತೆ ಕುಸ್ತಿ ಹಿಡಿದು ಯಾರೂ ಪೈಲ್ವಾನರಾಗುವುದಿಲ್ಲ. ಮೊದಲ ಕ್ಲಬ್ಬಿನ ಗೌರವವೆಲ್ಲ ಶೆಫೀಲ್ಡಿಗೆ ಸಂದಿದೆ, ನ್ಯಾಯವೇ. ಆದರೆ ಅದನ್ನು ಪಂದ್ಯವಾಗಿಸಿದ ಕೀರ್ತಿ ಎರಡನೆಯವರದು.

ಆ ಎರಡನೆಯವರು ಹುಟ್ಟಿದ್ದು 1860ರ ಸೆಪ್ಟೆಂಬರಿನಲ್ಲಿ, ಗುಡ್ಡದ ಮೇಲಿನ ಹ್ಯಾಲಂ ಹಳ್ಳಿಯ ಕ್ರಿಕೆಟ್ ಕ್ಲಬ್ಬಿನ ಗರ್ಭದಿಂದ. ಹುಟ್ಟುಹಾಕಿದವರಲ್ಲಿ ಒಬ್ಬನಾದ ಜಾನ್ ಚಾರ್ಲ್ಸ್ ಶಾ ಮೊದಲ ಕ್ಲಬ್ಬಿನ ಸದಸ್ಯನೂ ಆಗಿದ್ದ. ಅಂದರೆ ಈ ಜಿದ್ದು ಒಂದೇ ಮನೆಯ ದಾಯಾದಿಗಳದು. ಪಟ್ಟಣದ ಕೈಗಾರಿಕೋದ್ಯಮಿಗಳ, ವಕೀಲರ ಮಕ್ಕಳು ಒಂದು ಕಡೆ, ಗುಡ್ಡದ ಮೇಲಿನವರು ಇನ್ನೊಂದು ಕಡೆ. ಹ್ಯಾಲಂ ತಂಡಕ್ಕೆ ಇವತ್ತಿಗೂ 'ಹಳ್ಳಿಗರು' ಎಂಬರ್ಥದ ಅಡ್ಡಹೆಸರಿದೆ. ಶೆಫೀಲ್ಡಿನವರು ತಮ್ಮನ್ನು ಬರೀ 'ದಿ ಕ್ಲಬ್' ಎಂದು ಕರೆದುಕೊಳ್ಳುತ್ತಾರೆ. ಮೊದಲು ಬಂದವರ ಬಿಂಕ ಎಲ್ಲ ಊರಿನಲ್ಲೂ ಒಂದೇ ತೆರ!

1860ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ, ಸ್ಯಾಂಡಿಗೇಟಿನಲ್ಲಿ ಮೊದಲ ಪಂದ್ಯ. ಎರಡು ಬೇರೆ ಬೇರೆ ಕ್ಲಬ್ಬುಗಳ ನಡುವೆ ಇಂಥ ಆಟ ನಡೆದದ್ದು ಅದೇ ಮೊದಲು ಎಂದು ಎಣಿಕೆ. ನೆಲದ ಮೇಲೆ ಹಿಮ ಬಿದ್ದಿತ್ತು. ಬಿಳಿಯ ನೆಲದ ಮೇಲೆ ಒಂದು ತಂಡದ ಕೆಂಪು, ಇನ್ನೊಂದರ ನೀಲಿ ಚೆನ್ನಾಗಿ ಒಪ್ಪುತ್ತಿದ್ದವು ಎಂದು ಅಂದಿನ ಪತ್ರಿಕಾ ವರದಿಗಾರ ಮೆಚ್ಚಿಕೊಂಡಿದ್ದಾನೆ. ಶೆಫೀಲ್ಡ್ 2-0ಯಿಂದ ಗೆದ್ದಿತು. ಇಂದಿನವರು ಆ ಆಟ ನೋಡಿದ್ದರೆ ಗುರುತು ಹಿಡಿಯುವುದು ಕಷ್ಟವಾಗುತ್ತಿತ್ತು. ಹನ್ನೊಂದು ಜನರ ಲೆಕ್ಕ ಆಗಿನ್ನೂ ನಿಂತಿರಲಿಲ್ಲ. ಹಾರಿ ಬಂದ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು, ಎದುರಿನವನನ್ನು ಕೈಯಿಂದ ತಳ್ಳಬಹುದಿತ್ತು. ಆಫ್‌ಸೈಡ್ ಎಂಬುದೇ ಇಲ್ಲದ್ದರಿಂದ ಒಬ್ಬಿಬ್ಬರು ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲುತ್ತಿದ್ದರು.

ಎರಡು ವರ್ಷ ಕಳೆಯಿತು. 1862ರ ಡಿಸೆಂಬರ್ 29ರಂದು ಇದೇ ಎರಡು ತಂಡಗಳು ಬ್ರಾಮಲ್ ಲೇನ್ ಕ್ರಿಕೆಟ್ ಮೈದಾನದಲ್ಲಿ ಎದುರಾದವು. ಇದು ಸಹಾಯಾರ್ಥ ಪಂದ್ಯ, ಅದರ ಕಾರಣ ನಮಗೂ ಸಂಬಂಧಿಸಿದ್ದು. ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಬರುವುದು ನಿಂತು ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿದ್ದವು. ಕೆಲಸ ಕಳೆದುಕೊಂಡು ಹಸಿದ ಗಿರಣಿ ಕಾರ್ಮಿಕರಿಗೆಂದು ಹಣ ಕೂಡಿಸಲು ಶೆಫೀಲ್ಡಿನವರು ಚೆಂಡು ಒದ್ದರು. ಅದೇ ಹತ್ತಿಯ ಬರದಿಂದಾಗಿ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು. ಅದನ್ನು ಹಡಗಿಗೇರಿಸಲು ಕಾರವಾರ ಬಂದರು ಬೇಕೆಂಬ ಒತ್ತಾಯದ ನಡುವೆ, 1862ರಲ್ಲೇ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದರು. ಅತ್ತ ಒಂದು ಫುಟ್‌ಬಾಲ್ ಪಂದ್ಯ, ಇತ್ತ ಕನ್ನಡನಾಡಿನ ಒಂದು ಗಡಿಗೆರೆ. ಎರಡಕ್ಕೂ ಹಿಂದೆ ಇದ್ದದ್ದು ಹತ್ತಿಯ ಒಂದೇ ಎಳೆ.

ಧರ್ಮಕಾರ್ಯದ ಪಂದ್ಯವಾದರೂ ಅಲ್ಲಿ ಧರ್ಮ ಉಳಿಯಲಿಲ್ಲ. ಮೇಜರ್ ಕ್ರೆಸ್‌ವಿಕ್ ಚೆಂಡು ಒಯ್ಯುತ್ತಿದ್ದಾಗ ಹ್ಯಾಲಂನ ವಾಟರ್‌ಫಾಲ್ ಎಂಬಾತ ಅವನ ಮೇಲೆ ಬಿದ್ದು ಗುದ್ದಿದ, ವೇಸ್ಟ್‌ಕೋಟು ಕಳಚಿ ಎಸೆದು ಕಾದಾಟಕ್ಕೇ ನಿಂತ ಎಂದು ಪತ್ರಿಕೆ ಬರೆಯಿತು. ಹ್ಯಾಲಂ ಕಡೆಯವರು ಪತ್ರಿಕೆಗೆ ಪತ್ರ ಬರೆದು ಬೇರೆಯೇ ಕಥೆ ಹೇಳಿದರು. ಪ್ರೇಕ್ಷಕರೂ ಒಳಗೆ ನುಗ್ಗಿದ್ದುಂಟು. ವಾಟರ್‌ಫಾಲ್‌ಗೆ ಆದ ಶಿಕ್ಷೆ ಗೋಲು ಕಾಯುವುದು! ಕೆಂಪು ಕಾರ್ಡಿಗೆ ನೂರು ವರ್ಷ ಮೊದಲು ಅದಕ್ಕಿಂತ ಒಳ್ಳೆಯ ಉಪಾಯ ಹೊಳೆಯುವಂತಿರಲಿಲ್ಲ. ಮೂರು ಗಂಟೆ ಆಡಿದರೂ ಯಾರಿಗೂ ಗೋಲು ದಕ್ಕಲಿಲ್ಲ.

ಹಳ್ಳಿಗರಿಗೂ ಒಂದು ದಿನ ಬಂತು. ಥಾಮಸ್ ಯೂಡನ್ ಎಂಬ ನಾಟಕ ಶಾಲೆಯ ಮಾಲೀಕ 1867ರಲ್ಲಿ ಊರಿನ ಕ್ಲಬ್ಬುಗಳಿಗೆ ಬೆಳ್ಳಿಯ ಕಪ್ ಇಟ್ಟ. ಜಗತ್ತಿನ ಮೊದಲ ಫುಟ್‌ಬಾಲ್ ಪಂದ್ಯಾವಳಿ ಅದು. ಹನ್ನೆರಡು ತಂಡಗಳು ಆಡಿ, ಮಾರ್ಚ್ 5ರ ಫೈನಲಿನಲ್ಲಿ ಹ್ಯಾಲಂ ತಂಡ ನಾರ್ಫೋಕ್ ಎಂಬ ತಂಡವನ್ನು ಮಣಿಸಿತು. ಗೋಲಿನಿಂದಲ್ಲ, ಎರಡು 'ರೂಜ್'ಗಳಿಂದ. ಆಗಿನ ಗೋಲು ನಾಲ್ಕೇ ಗಜ ಅಗಲ, ಹೊಡೆಯುವುದು ದುಸ್ತರ. ಅದಕ್ಕೆ ಎರಡೂ ಬದಿಗೆ ನಾಲ್ಕು ನಾಲ್ಕು ಗಜ ದೂರದಲ್ಲಿ ಬಾವುಟ ನೆಟ್ಟು, ಅವುಗಳ ನಡುವೆ ಹಾದುಹೋದ ಚೆಂಡನ್ನು ದಾಳಿಕಾರ ಮೊದಲು ಮುಟ್ಟಿದರೆ ಒಂದು ರೂಜ್ ಎಂದು ಲೆಕ್ಕ ಹಾಕುತ್ತಿದ್ದರು. ಗೋಲುಗಳು ಸಮನಾದರೆ ರೂಜ್ ನೋಡಿ ತೀರ್ಮಾನ. ಮರುವರ್ಷವೇ ಈ ನಿಯಮ ಬಿದ್ದುಹೋಯಿತು. ಕಾರ್ನರ್ ಕಿಕ್ಕಿನಂಥ ಶೆಫೀಲ್ಡಿನ ಬೇರೆ ರೂಢಿಗಳು ಉಳಿದುಕೊಂಡವು. 1866ರಲ್ಲಿ ಲಂಡನ್ನಿಗೆ ಆಡಲು ಹೋದ ಶೆಫೀಲ್ಡಿನವರು ಚೆಂಡಿಗೆ ತಲೆ ಕೊಟ್ಟಾಗ ಅಲ್ಲಿನವರು ನಕ್ಕರಂತೆ. 1877ರಲ್ಲಿ ಲಂಡನ್ನಿನ ನಿಯಮ ಮತ್ತು ಶೆಫೀಲ್ಡಿನ ನಿಯಮ ಎರಡೂ ಒಂದಾದವು. ಇಂದಿನ ಆಟ ಆ ಕೂಡಿಕೆಯ ಕೂಸು.

ಊರಿಗೆ ಇಷ್ಟೆಲ್ಲ ಮಾಡಿದ ಕ್ಲಬ್ಬುಗಳು ಹಿಂದೆ ಬಿದ್ದದ್ದೇಕೆ? ದುಡ್ಡು. ಆಟಗಾರರಿಗೆ ಸಂಬಳ ಕೊಡುವುದು 1885ರಲ್ಲಿ ಕಾನೂನುಬದ್ಧವಾಯಿತು. ಶೆಫೀಲ್ಡ್ ಎಫ್.ಸಿ. ಹವ್ಯಾಸಿಯಾಗಿಯೇ ಉಳಿಯಿತು. ಅದೇ ಊರಿನ ವೆನ್ಸ್‌ಡೇ ಮತ್ತು ಯುನೈಟೆಡ್ ಎಂಬ ಕಿರಿಯ ಕ್ಲಬ್ಬುಗಳು ಸಂಬಳ ಕೊಟ್ಟು ಆಟಗಾರರನ್ನು ತಂದವು, ಜನವೂ ಅವರ ಹಿಂದೆ ಹೋಯಿತು. ಮೊದಲ ಕ್ಲಬ್ಬಿಗೆ 1904ರಲ್ಲಿ ಹವ್ಯಾಸಿಗಳ ಕಪ್ ಒಂದು ದಕ್ಕಿದ್ದೇ ದೊಡ್ಡ ಗೆಲುವು. ಹೊಗಳಿಕೆಗೇನೂ ಕೊರತೆಯಿಲ್ಲ. ಫಿಫಾ ಸಂಸ್ಥೆ 2004ರಲ್ಲಿ ವಿಶೇಷ ಗೌರವ ಕೊಟ್ಟು ರಿಯಲ್ ಮ್ಯಾಡ್ರಿಡ್ ಪಕ್ಕದಲ್ಲಿ ಕೂರಿಸಿತು. 2007ರಲ್ಲಿ ನೂರೈವತ್ತು ತುಂಬಿದಾಗ ಇಂಟರ್ ಮಿಲಾನ್ ತಂಡ ಬಂದು ಆಡಿ 5-2ರಿಂದ ಗೆದ್ದಿತು, ಪೆಲೆ ಖುದ್ದಾಗಿ ಬಂದಿದ್ದ. ಸಮಾರಂಭ ಮುಗಿದ ಮೇಲೆ ಮತ್ತೆ ಅದೇ ಕೆಲವು ನೂರು ಜನ.

ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ಮನೆಯ ಸಂಗತಿ. ಜಗತ್ತಿನ ಮೊದಲ ಕ್ಲಬ್ಬಿಗೆ 140 ವರ್ಷಕ್ಕೂ ಮೇಲೆ ಸ್ವಂತ ಮೈದಾನವೆಂಬುದು ಇರಲಿಲ್ಲ. ಅಲ್ಲಿ ಬಾಡಿಗೆ, ಇಲ್ಲಿ ಬಾಡಿಗೆ. ಕೊನೆಗೆ 2001ರಲ್ಲಿ ಸ್ವಂತದ್ದು ಸಿಕ್ಕಿತು, ಆದರೆ ಊರಿನಲ್ಲಲ್ಲ. ದಕ್ಷಿಣಕ್ಕೆ ಗಡಿ ದಾಟಿ ಡರ್ಬಿಶೈರ್ ಕೌಂಟಿಯ ಡ್ರಾನ್‌ಫೀಲ್ಡಿನಲ್ಲಿ, ಒಂದು ಹೆಂಡದಂಗಡಿಯ ಪಕ್ಕದಲ್ಲಿ. ಅದನ್ನು ಸುಧಾರಿಸಲು ಹಣ ಬೇಕಿತ್ತು. ಮಾರಲು ಇದ್ದದ್ದು ಒಂದೇ: 1858ರ ಕೈಬರಹದ ನಿಯಮಗಳು ಮತ್ತು ಹಳೆಯ ಕಾಗದಪತ್ರಗಳು. 2011ರ ಜುಲೈನಲ್ಲಿ ಲಂಡನ್ನಿನ ಹರಾಜಿನಲ್ಲಿ ಅವು 8,81,250 ಪೌಂಡಿಗೆ ಹೋದವು. ಹೊಲ ಉಳಿಸಿಕೊಳ್ಳಲು ತಾಳಿ ಮಾರಿದ ಹಾಗೆ. ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಗಾಜಿನ ಪೆಟ್ಟಿಗೆಯ ಕಾಗದಕ್ಕಿಂತ ಶನಿವಾರದ ಆಟ ದೊಡ್ಡದು. ಗುಡ್ಡದ ಮೇಲಿನ ದಾಯಾದಿಯ ಅದೃಷ್ಟವೇ ಬೇರೆ. ಎಷ್ಟೋ ದಶಕ ಕಳೆದುಹೋಗಿದ್ದ ಯೂಡನ್ ಕಪ್ 1997ರಲ್ಲಿ ಸ್ಕಾಟ್ಲೆಂಡಿನ ಹಳೇ ವಸ್ತುಗಳ ವ್ಯಾಪಾರಿಯೊಬ್ಬನ ಬಳಿ ಪತ್ತೆಯಾಗಿ ಹ್ಯಾಲಂ ಕೈಗೆ ಮರಳಿತು.

ಹೀಗೆ ಒಬ್ಬನ ಬಳಿ ಹಿರಿತನ, ಇನ್ನೊಬ್ಬನ ಬಳಿ ಮೈದಾನ. ಇಬ್ಬರೂ ಪ್ರತಿವರ್ಷ ಎದುರಾಗುತ್ತಾರೆಂದೂ ಇಲ್ಲ. 2007ರಲ್ಲಿ ಶೆಫೀಲ್ಡ್ ಒಂದು ಮೆಟ್ಟಿಲು ಹತ್ತಿದ ಮೇಲೆ ಬಹಳ ವರ್ಷ ಲೀಗಿನಲ್ಲಿ ಈ ಡರ್ಬಿ ನಡೆಯಲೇ ಇಲ್ಲ. ಕೌಂಟಿ ಕಪ್ಪಿನ ಚೀಟಿ ಎತ್ತುವಾಗ ಎರಡು ಹೆಸರು ಜೊತೆಯಾದರೆ ಉಂಟು, ಋತುವಿಗೆ ಮೊದಲಿನ ಸ್ನೇಹಪಂದ್ಯವಾದರೆ ಉಂಟು. ಹಾಗಾಗಿ ಬೆಂಬಲಿಗರು ಎದುರಾಳಿಯ ಅಂಕಪಟ್ಟಿಯನ್ನೂ ನೋಡುತ್ತಿರುತ್ತಾರೆ. ಅವನು ಸೋಲಲಿ ಎಂಬ ಆಸೆ ಇದ್ದೇ ಇದೆ. ಆದರೆ ಮುಳುಗಿ ಹೋಗುವಷ್ಟು ಸೋತರೆ ಮುಂದೆ ಯಾರನ್ನು ಸೋಲಿಸುವುದು?

ಚಳಿಗಾಲದ ಕಪ್ ಪಂದ್ಯ ಸಾಮಾನ್ಯವಾಗಿ ವಾರದ ನಡುವಿನ ಸಂಜೆ, ಕಂಬದ ದೀಪಗಳ ಕೆಳಗೆ. ಅದೂ ಈ ಊರಿನದೇ ಕೊಡುಗೆ. 1878ರ ಅಕ್ಟೋಬರ್ 14ರಂದು, ಎಡಿಸನ್ನನ ಬಲ್ಬಿಗೆ ಒಂದು ವರ್ಷ ಮೊದಲೇ, ಬ್ರಾಮಲ್ ಲೇನಿನ ನಾಲ್ಕು ಮೂಲೆಗಳಲ್ಲಿ 30 ಅಡಿ ಎತ್ತರಕ್ಕೆ ಆರ್ಕ್ ದೀಪ ಕಟ್ಟಿ, ಡೈನಮೋ ತಿರುಗಿಸಿ, ರಾತ್ರಿ ಫುಟ್‌ಬಾಲ್ ಆಡಿದ್ದರು. ಸ್ಯಾಂಡಿಗೇಟಿನ ದೀಪಗಳಿಗೆ ಅಷ್ಟೊಂದು ಪ್ರತಾಪವಿಲ್ಲ. ಆದರೂ ಅವುಗಳ ಬೆಳಕಿನಲ್ಲಿ ಇಳಿಜಾರು ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಕೊನೆಯ ಹತ್ತು ನಿಮಿಷ ಯಾರು ಕೆಳಮುಖವಾಗಿ ಆಡುತ್ತಾರೆ ಎಂಬುದನ್ನು ಟಾಸಿನ ಹೊತ್ತಿಗೇ ಲೆಕ್ಕ ಹಾಕಿಟ್ಟ ಮುದುಕರು ಗೋಲಿನ ಹಿಂದೆ ಜಾಗ ಹಿಡಿದು ನಿಂತಿರುತ್ತಾರೆ. ಶಿಳ್ಳೆ ಊದಿದ ಮೇಲೆ ಗೆದ್ದವರೂ ಸೋತವರೂ ಒಂದೇ ಕೋಣೆಗೆ ನುಗ್ಗಿ ಒಂದೇ ಕೌಂಟರಿನ ಮುಂದೆ ಸಾಲು ನಿಲ್ಲುತ್ತಾರೆ. ಮೈದಾನದಲ್ಲಿ ಇಬ್ಬರು ಸ್ವಯಂಸೇವಕರು ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಕಾಲಿನಿಂದ ಒತ್ತಿ ಕೂರಿಸುತ್ತಾರೆ. ಒಂಬತ್ತು ಮುಕ್ಕಾಲರ ಹೊತ್ತಿಗೆ ಊರಿನ ಹೆಸರು ಹೊತ್ತ ತಂಡ ತನ್ನ ಚೀಲಗಳನ್ನು ಬಸ್ಸಿಗೇರಿಸಿ, ಗುಡ್ಡ ಇಳಿದು, ಊರು ದಾಟಿ, ಪಕ್ಕದ ಕೌಂಟಿಯಲ್ಲಿರುವ ಮನೆಗೆ ಹೊರಡುತ್ತದೆ.